ತೊಟ್ಟಿಯ ಲೆಕ್ಕದ ಕೆಂಪು ಚುಕ್ಕಿ

ಬೇಸಿಗೆ ಶುರುವಾದ ಒಂದು ಭಾನುವಾರ, ಬೆಳಿಗ್ಗೆ ಹತ್ತರ ಹೊತ್ತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ನಾನು ದಿನಾ ತೊಟ್ಟಿಯ ಬಿಸಿ ಬರೆದಿಟ್ಟ ಅಂಕಿಗಳನ್ನೆಲ್ಲ ಮೊಮ್ಮಗಳು ಕಂಪ್ಯೂಟರ್‌ಗೆ ತುಂಬಿ, ಬಣ್ಣದ ಚುಕ್ಕಿಗಳ ಚಿತ್ರ ಮಾಡಿಸಿದ್ದಳು. ಮರುದಿನದ ಪರೀಕ್ಷೆಗೆ ಅವಳಿಗೆ ಆ ಚಿತ್ರ ಬೇಕಿತ್ತು. ನೋಡಿದರೆ ಚುಕ್ಕಿಗಳೆಲ್ಲ ನೀಲಿ, ಒಂದು ಮಾತ್ರ ಕೆಂಪು.

“ಹಾಳಾದ್ದು ಕೈಕೊಡ್ತು, ತಾತ.”

“ಅದು ಬಣ್ಣ ಹಂಚೋದು ಹೇಗೆ, ಪುಟ್ಟಿ?”

“ಎಲ್ಲಕ್ಕಿಂತ ಕಡಿಮೆ ಇರೋದಕ್ಕೆ ನೀಲಿ, ಹೆಚ್ಚು ಇರೋದಕ್ಕೆ ಕೆಂಪು. ಉಳಿದವು ನಡುವೆ ಎಲ್ಲಿ ಬೀಳ್ತಾವೋ ಅಲ್ಲಿನ ಬಣ್ಣ.”

“ಆ ಕೆಂಪು ಎಷ್ಟು?”

“ಆರುನೂರ ಹನ್ನೆರಡು. ತೊಟ್ಟಿನೋ, ಜ್ವಾಲಾಮುಖಿನೋ?”

ನನಗೆ ಆ ದಿನ ನೆನಪಾಯಿತು. “ಅರವತ್ತೊಂದು ಕಣೇ. ಅವತ್ತೊಂದೇ ದಿನ ಎರಡನೇ ತೊಟ್ಟಿ ಕಾಯಿಸಿದ್ದು. ಗುರುತಿಗೆ ಅಂತ ಪಕ್ಕದಲ್ಲೇ ಎರಡು ಅಂತ ಬರೆದೆ, ನೀನು ಎರಡನ್ನೂ ಸೇರಿಸಿ ಓದಿದೀಯ.”

ಅವಳು ತಿದ್ದಿದಳು. ನೀಲಿ, ನೇರಳೆ, ಕೆಂಪು ಎಲ್ಲವೂ ಅರಳಿದವು. ಸೋಮವಾರ ಚಿತ್ರದ ಜೊತೆ ನನ್ನ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೊರಟಳು.