ಮಷೀನಿಗೆ ಗೊತ್ತಿಲ್ಲದ ಮಾತು

ಬೈಲಹೊಂಗಲದ ಪೇಟೆಯಲ್ಲಿ, ಹತ್ತಿ ಅಡತಿ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಗಂಗಯ್ಯನವರ ಟೈಪಿಂಗ್ ಕ್ಲಾಸು ಇತ್ತು. ಕನ್ನಡ ಮಷೀನಿನ ಮೇಲೆ ರಾಯವ್ವನಷ್ಟು ವೇಗವಾಗಿ ಬೆರಳಾಡಿಸುವವರು ಅಲ್ಲಿ ಮತ್ತೊಬ್ಬರಿರಲಿಲ್ಲ. ಸಂಪಗಾಂವದ ಶಂಕ್ರೆಪ್ಪನ ಮಗಳು ಅವಳು. ಕಲಿಯಲು ಬಂದವಳು ಪರೀಕ್ಷೆ ಪಾಸಾದ ಮೇಲೆ ಅಲ್ಲೇ ಕಲಿಸುವವಳಾಗಿ ಉಳಿದಿದ್ದಳು. ಬೆಳಿಗ್ಗೆ ಬಸ್ಸಿಗೆ ಬರುವುದು, ಕೋರ್ಟು ಕಚೇರಿಯ ಅರ್ಜಿ ಹೊಡೆಯುವುದು, ಹುಡುಗರ ತಪ್ಪು ತಿದ್ದುವುದು, ಸಂಜೆ ಬಸ್ಸಿಗೆ ಹೋಗುವುದು. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಸಾಲನ್ನು ಅವಳ ಬೆರಳುಗಳು ಅವಳನ್ನು ಕೇಳದೆಯೇ ಹೊಡೆದು ಮುಗಿಸುತ್ತಿದ್ದವು. ಅಷ್ಟು ಬೇಸರ ಬಂದಿತ್ತು ಅವಳಿಗೆ.

೧೯೭೮ರ ದೀಪಾವಳಿ ಮುಗಿದ ಮೇಲೆ ಒಂದು ದಿನ ದಿಗಂಬರ ಮೆಟ್ಟಿಲು ಹತ್ತಿ ಬಂದ. ವಕೀಲ ಕೃಷ್ಣಾಜಿಯವರ ಮಗ. ಹಿಂದೆ ಇದೇ ಕ್ಲಾಸಿನಲ್ಲಿ ರಾಯವ್ವನ ಪಕ್ಕದ ಮಷೀನಿನ ಮುಂದೆ ಕೂತು ಕಲಿತವನು. ಈಗ ಮುಂಬೈಯಲ್ಲಿ ಒಂದು ದೊಡ್ಡ ಆಫೀಸಿನ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ. ಕಾಮಾಲೆಯಾಗಿ, ಆರಾಮಾಗುವ ತನಕ ಊರಿಗೆ ಬಂದಿದ್ದ. ಮೈ ಸೊರಗಿತ್ತು. ಮಾತು ಮಾತ್ರ ಕುದಿಯುತ್ತಿತ್ತು.

“ರಾಯವ್ವ, ನಾ ಹೇಳೋದು ಕೇಳ್ರಿ,” ಎಂದು ಕೂಡುವ ಮೊದಲೇ ಶುರು ಮಾಡಿದ. “ನಮ್ಮ ಮಷೀನಿನ್ಯಾಗ ಒಂದು ಆಟ ಅದ. ಚೆಂಡು ಇಲ್ಲ, ದಾಳ ಇಲ್ಲ. ಬರೇ ಮಾತು. ನೀವು ಒಂದು ಗವಿ ಬಾಗಲದಾಗ ನಿಂತೀರಿ ಅಂತ ಮಷೀನು ಬರಿತದ. ಒಳಗ ಹೋಗತೇನಿ ಅಂತ ನೀವು ಬರೀಬೇಕು. ಒಳಗ ಏನದ ಅಂತ ಅದು ಹೇಳತದ. ಕಥಿ ಓದೋದಲ್ಲ. ಕಥಿಯೊಳಗ ನೀವೇ ನಡಕೋತ ಹೋಗೋದು.”

ರಾಯವ್ವನ ಬೆರಳು ಕೀಲಿಯ ಮೇಲೆ ನಿಂತಿತು. “ತಪ್ಪು ಹಾದಿ ಹಿಡದ್ರ?”

“ಸಾಯತೀರಿ. ಮತ್ತ ಮೊದಲಿನಿಂದ.”

“ಅಂದ್ರ ಒಬ್ಬೊಬ್ಬರಿಗೆ ಒಂದೊಂದು ಕಥಿ ಆಗತೈತಿ.”

ದಿಗಂಬರ ಕೈಚೀಲದಿಂದ ಕಾಗದದ ಕಟ್ಟು ತೆಗೆದು ಮೇಜಿನ ಮೇಲೆ ಹರವಿದ. ಅಂಥದೇ ಒಂದು ಆಟವನ್ನು ತಾನೇ ಕಟ್ಟಿದ್ದ. ಕನ್ನಡದಲ್ಲಿ. ರಾಮದುರ್ಗದ ಅಜ್ಜನ ಮನೆಗೆ ಹೋದಾಗಲೆಲ್ಲ ತೊರಗಲ್ ಕೋಟೆ ಹತ್ತಿಳಿದವನು, ಆ ಕೋಟೆಯ ಗೋಡೆ, ಬುರುಜು, ಬಾವಿಗಳನ್ನೇ ಹೋಲುವ ಒಂದು ಕೋಟೆ ಮಾಡಿದ್ದ. ಆಡುವವನೇ ಬಾಗಿಲ ಕಾವಲುಗಾರ. ದಂಡು ಬರುತ್ತಿದೆ. ಬಾಗಿಲು ತೆರೆದರೆ ದಂಡು ಒಳನುಗ್ಗಿ ಆಟ ಮುಗಿಯುತ್ತದೆ. ನೆಲದಡಿಯ ಸುರಂಗ ಹುಡುಕಿ ಖಜಾನೆ ಹೊರಗೆ ಸಾಗಿಸಿದರೆ ಗೆದ್ದಂತೆ. ಮುಂಬೈಯ ಮಷೀನಿಗೆ ಹಾಕುವ ಮೊದಲು ಇದನ್ನು ಯಾರಾದರೂ ಆಡಿ ನೋಡಬೇಕಿತ್ತು. ಅದಕ್ಕೆ ಇಲ್ಲಿ ಒಂದು ಮಷೀನು ಬೇಕು.

“ಇಲ್ಲೆಲ್ಲಿ ತರಬೇಕ್ರಿ ಕಂಪ್ಯೂಟರ?”

“ನೀವು ಇದ್ದೀರಲ್ಲ.”

ಆಟದ ನಿಯಮಗಳನ್ನು ರಾಯವ್ವ ಸಂಪಗಾಂವದ ಬಸ್ಸಿನಲ್ಲಿ ಓದಿದಳು, ರೊಟ್ಟಿ ಬಡಿಯುತ್ತ ನೆನೆದಳು, ಮರುದಿನ ಬರುವಾಗ ಬಾಯಿಪಾಠ ಮಾಡಿಕೊಂಡೇ ಬಂದಳು. ಯಾವ ಮೂಲೆಯಲ್ಲಿ ದೀವಟಿಗೆ, ಯಾವ ಮೆಟ್ಟಿಲು ಸಡಿಲ, ಬಾವಿಗೆ ಇಳಿದರೆ ಏನು. ಇಷ್ಟು ದಿನ ಬೇರೆಯವರ ಮಾತು ಹೊಡೆದ ಮಷೀನು ಇನ್ನು ಜೀವಂತ ಮನುಷ್ಯರಿಗೆ ಉತ್ತರ ಕೊಡುತ್ತದೆ ಅನ್ನುವುದೇ ಅವಳಿಗೆ ರೋಮಾಂಚನವಾಗಿತ್ತು.

ಐತವಾರ ಮಧ್ಯಾಹ್ನ ಗಂಗಯ್ಯನವರು ತಮ್ಮದೊಂದು ಹಳೆಯ ಧೋತರವನ್ನು ಎರಡು ಕೋಣೆಗಳ ನಡುವಿನ ಬಾಗಿಲಿಗೆ ಕಟ್ಟಿಕೊಟ್ಟರು. “ರಿಬ್ಬನ್ ಭಾಳ ಸವಸಬ್ಯಾಡ್ರಿ ಮತ್ತ,” ಎಂದು ಎಚ್ಚರಿಸಿ, ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು. ಪರದೆಯ ಹಿಂದೆ ರಾಯವ್ವ. ಮುಂದೆ ಆಡುವವರು. ಅವರು ಮಾಡುವುದನ್ನು ಚೀಟಿಯಲ್ಲಿ ಬರೆದು ಪರದೆಯ ಅಡಿಯಿಂದ ತಳ್ಳಬೇಕು, ಉತ್ತರ ಟೈಪಾಗಿ ಹೊರಗೆ ಬರುತ್ತದೆ. ಅದನ್ನು ದಿಗಂಬರ ಎಲ್ಲರಿಗೂ ಕೇಳುವಂತೆ ಓದುತ್ತಾನೆ. ನಿಯಮದಲ್ಲಿಲ್ಲದ ಏನನ್ನಾದರೂ ಬರೆದರೆ ರಾಯವ್ವ ‘ಈ ಮಾತು ತಿಳಿಯಲಿಲ್ಲ’ ಎಂದಷ್ಟೇ ಹೊಡೆಯಬೇಕು.

ಮೊದಲು ಆಡಿದವನು ಬಸ್ಸಿನ ಕಂಡಕ್ಟರ್ ಮಡಿವಾಳೆಪ್ಪ. ದೀವಟಿಗೆ ತಗೊಳ್ಳದೆ ಬಾವಿಗೆ ಇಳಿದು ಸತ್ತ. ಎದ್ದು ಮತ್ತೆ ಆಡಿದ. ಸುರಂಗ ಸಿಕ್ಕಿದಾಗ ಕುರ್ಚಿಯಿಂದ ಅರ್ಧ ಎದ್ದೇ ನಿಂತಿದ್ದ. ಖಜಾನೆಯ ಪೆಟ್ಟಿಗೆ ಹೊತ್ತು ಹೊರಬಿದ್ದಾಗ ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಅವನ ಬೆನ್ನಮೇಲೆ ನಿಜವಾಗಿಯೂ ಪೆಟ್ಟಿಗೆ ಇದ್ದ ಹಾಗೆ ಬೆವತಿದ್ದ.

ಆಮೇಲೆ ಕೂತವರು ಭಾಗೀರಥಿಬಾಯಿ. ದಿಗಂಬರನ ಸೋದರತ್ತೆ, ಸಂಪಗಾಂವದ ಸಾಲಿಯಲ್ಲಿ ಬಹಳ ವರ್ಷ ಕಲಿಸಿ ನಿವೃತ್ತರಾದವರು. ಪರದೆಯ ಹಿಂದೆ ಅವರ ದನಿ ಕೇಳಿ ರಾಯವ್ವ ನೆಟ್ಟಗೆ ಕೂತಳು. ಅವಳಿಗೆ ಅಕ್ಷರ ಕಲಿಸಿದ ಅಕ್ಕೋರು ಅವರು. ಸಾಲಿ ಬಿಡಿಸಬೇಡ ಎಂದು ಶಂಕ್ರೆಪ್ಪನ ಮನೆ ತನಕ ಬಂದು ಹೇಳಿದವರು.

ಮೊದಲ ಉತ್ತರ ಹೊರಗೆ ಹೋಯಿತು. ದಿಗಂಬರ ಓದಿದ: “ನೀನು ಕೋಟೆಯ ಬಾಗಿಲ ಮೇಲೆ ನಿಂತಿರುವೆ. ಒಳಗೆ ಬಾವಿ ಇದೆ. ಹೊರಗೆ ಗೋಡೆಯ ಬುಡದಲ್ಲಿ ಊರ ಜನ ಕೂತಿದ್ದಾರೆ. ಅವರಲ್ಲಿ ಒಬ್ಬ ಮುದುಕಿ ನಿನ್ನತ್ತ ನೋಡುತ್ತಿದ್ದಾಳೆ. ಏನು ಮಾಡುವೆ?”

ಮಡಿವಾಳೆಪ್ಪ ಈ ಮುದುಕಿಯತ್ತ ನೋಡದೆ ನೇರ ಬುರುಜಿನತ್ತ ಓಡಿದ್ದ. ಭಾಗೀರಥಿಬಾಯಿ ಬರೆದ ಚೀಟಿ ಒಳಗೆ ಬಂತು. ‘ಮುದುಕಿಗೆ ನೀರು ಕೊಡು.’

ನಿಯಮದಲ್ಲಿ ಅದು ಇರಲಿಲ್ಲ. ರಾಯವ್ವ ಹೊಡೆದಳು: ‘ಈ ಮಾತು ತಿಳಿಯಲಿಲ್ಲ.’

“ಏನೋ ದಿಗ್ಯಾ, ನೀರು ಅಂದ್ರ ತಿಳಿಯೂದಿಲ್ಲೇನು ನಿನ್ನ ಮಷೀನಿಗೆ?” ಎಂದು ಹೊರಗೆ ಭಾಗೀರಥಿಬಾಯಿ ಕೇಳುವುದು ಕೇಳಿಸಿತು. ಜನ ನಕ್ಕರು. ಇನ್ನೊಂದು ಚೀಟಿ ಬಂತು. ‘ಬಾವಿಯ ನೀರು ಸೇದು. ಕೊಡಕ್ಕೆ ಹಗ್ಗ ಕಟ್ಟಿ ಗೋಡೆಯ ಮೇಲಿಂದ ಕೆಳಗೆ ಇಳಿಸು.’

ಮತ್ತೆ ‘ತಿಳಿಯಲಿಲ್ಲ’ ಎಂದು ಹೊಡೆಯಬೇಕಿತ್ತು. ರಾಯವ್ವನ ಬೆರಳು ಏಳಲಿಲ್ಲ. ಗೋಡೆಯ ಬುಡದ ಆ ಮುದುಕಿ ಯಾರು ಎಂದು ಅವಳಿಗೆ ಒಮ್ಮೆಲೇ ಗೊತ್ತಾಗಿಬಿಟ್ಟಿತ್ತು. ತನ್ನ ಅಜ್ಜಿ ಕಾಡವ್ವ. ಊರ ಬಾವಿಯ ಹತ್ತಿರ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಬಂದು ಮೇಲಿಂದ ಹಾಕಲಿ ಎಂದು ಬಿಸಿಲಲ್ಲಿ ಕಾಯುತ್ತಿದ್ದವಳು. ಅವಳ ಪಕ್ಕ ಕೂತು ಕಾದದ್ದು ರಾಯವ್ವನಿಗೂ ನೆನಪಿತ್ತು. ಸಾಲಿಯಲ್ಲೂ ಹಾಗೇ. ಅಕ್ಕೋರು ಅವಳಿಗೆ ಪಾಟಿ ಕೊಡಿಸಿದ್ದರು, ಕೈಹಿಡಿದು ತಿದ್ದಿಸಿದ್ದರು. ನೀರು ಮಾತ್ರ ಬೊಗಸೆಗೆ ಮೇಲಿಂದ ಹಾಕುತ್ತಿದ್ದರು. ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಆಡಬೇಕೆಂದೂ ಅನಿಸಿರಲಿಲ್ಲ.

ಈಗ ಮುಂದಿನ ಸಾಲು ಅವಳೊಳಗೆ ಆಗಲೇ ಹುಟ್ಟಿತ್ತು. ಹೊಡೆದಳು, ಹಾಳೆ ಎಳೆದಳು, ತಳ್ಳಿದಳು.

ದಿಗಂಬರ ಓದತೊಡಗಿದ. “ಕೊಡ ಕೆಳಗೆ ಇಳಿಯಿತು.” ಅಲ್ಲಿಗೆ ನಿಲ್ಲಿಸಿದ. ಇದು ತಾನು ಬರೆದದ್ದಲ್ಲ ಎಂದು ಗೊತ್ತಾಯಿತು. ಜನ ಕಾಯುತ್ತಿದ್ದರು. ಓದಲೇಬೇಕಾಯಿತು. “ಮುದುಕಿ ಕೊಡವನ್ನು ಮುಟ್ಟಲಿಲ್ಲ. ನಿನ್ನತ್ತ ನೋಡಿ ಕೇಳಿದಳು: ನಾನು ಮುಟ್ಟಿ ಕುಡಿದರೆ, ಇದೇ ಕೊಡದ ನೀರನ್ನು ಆಮೇಲೆ ನೀನು ಕುಡಿಯುತ್ತೀಯಾ?”

ಗಂಗಯ್ಯನವರು ಕುರ್ಚಿಯಲ್ಲಿ ಸರಿದು ಕೂತರು. ಭಾಗೀರಥಿಬಾಯಿ ಪೆನ್ಸಿಲ್ ಹಿಡಿದು ಪರದೆಯನ್ನೇ ನೋಡಿದರು. ಅದರ ಹಿಂದೆ ಯಾರಿದ್ದಾರೆಂದು ಅವರಿಗೆ ಗೊತ್ತಿಲ್ಲದೆ ಏನಿರಲಿಲ್ಲ.

“ಅತ್ಯಾ, ಬ್ಯಾರೆ ಕಡೆ ಹೋಗಲಿಕ್ಕೂ ಬರತದ,” ಎಂದ ದಿಗಂಬರ ಮೆಲ್ಲಗೆ. “ಬುರುಜಿನ ಕಡೆ ಹೋಗಬಹುದು.”

“ಸುಮ್ಮನಿರೋ. ನನ್ನ ಕೇಳ್ಯಾಳ ಆಕಿ.”

ಪರದೆಯ ಹಿಂದೆ ರಾಯವ್ವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಅಕ್ಕೋರು ಎದ್ದು ಹೋಗಬಹುದು. ನಾಳೆಯಿಂದ ಈ ಕ್ಲಾಸಿನಲ್ಲಿ ತನಗೆ ಕೆಲಸ ಇರಲಿಕ್ಕಿಲ್ಲ. ಇರಲಿ ಅನಿಸಿತು. ಕೇಳಿದ್ದನ್ನು ವಾಪಸು ತೆಗೆದುಕೊಳ್ಳುವ ಮನಸ್ಸು ಅವಳಿಗೆ ಆಗಲಿಲ್ಲ.

ಚೀಟಿ ಬಂತು. ಒಂದು ಸಾಲು ಹೊಡೆದುಹಾಕಿ ಕೆಳಗೆ ಬರೆದಿತ್ತು. ಅವಳಿಗೆ ಅಕ್ಷರ ಕಲಿಸಿದ ಅದೇ ದುಂಡು ಬರಹ. ‘ಇಷ್ಟು ದಿನ ಕುಡಿದಿಲ್ಲ. ಇವತ್ತು ಕುಡಿಯುತ್ತೇನೆ.’

ರಾಯವ್ವ ಅದನ್ನು ಮತ್ತೊಮ್ಮೆ ಓದಿದಳು. ಕಣ್ಣು ಮಂಜಾದರೂ ಬೆರಳಿಗೆ ಕೀಲಿಗಳು ಗೊತ್ತಿದ್ದವು. ‘ಮುದುಕಿ ಕುಡಿದಳು. ಕೊಡ ಮೇಲೆ ಬಂತು. ಅರ್ಧ ತುಂಬಿದೆ.’

‘ಕುಡಿದೆ. ಮುಂದೆ ಏನಾಯಿತು?’ ಎಂದು ಮರುಚೀಟಿ ಬಂತು, ಈ ಸಲ ತಡವಿಲ್ಲದೆ.

ಮುಂದೆ ಏನಾಗಬೇಕು? ಮುದುಕಿ ಖುಷಿಯಾಗಿ ಖಜಾನೆಯ ದಾರಿ ತೋರಿಸಿದಳು ಎಂದು ಹೊಡೆಯಬಹುದಿತ್ತು. ರಾಯವ್ವನಿಗೆ ಅದು ಸುಳ್ಳೆನಿಸಿತು. ನೀರು ಕೊಟ್ಟವರಿಗೆ ಖಜಾನೆ ಸಿಕ್ಕುವುದಾದರೆ ಎಲ್ಲರೂ ಕೊಡುತ್ತಿದ್ದರು. ಹೊಡೆದಳು: ‘ಮುದುಕಿಯ ಹಿಂದೆ ಉಳಿದ ಜನ ಎದ್ದು ನಿಂತರು. ಎಲ್ಲರಿಗೂ ಬಾಯಾರಿಕೆ. ಬಾವಿಯ ನೀರು ತಳಕ್ಕೆ ಹೋಗಿದೆ. ದೂರದಲ್ಲಿ ದಂಡಿನ ಧೂಳು ಕಾಣುತ್ತಿದೆ. ಏನು ಮಾಡುವೆ?’

ದಿಗಂಬರ ಓದಿ ಮುಗಿಸುವುದಕ್ಕಿಲ್ಲ, ಮಾಳಿಗೆಯೇ ಎದ್ದು ನಿಂತಂತಾಯಿತು. “ಬಾಗಲಾ ತಗೀರಿ ಅಕ್ಕೋರ, ಧೂಳು ಇನ್ನೂ ದೂರ ಐತಿ,” ಎಂದ ಮಡಿವಾಳೆಪ್ಪ. “ತಗದ್ರ ಒಳಗಿನವರಿಗೆ ನೀರು?” ಎಂದು ಗಂಗಯ್ಯನವರು ತಿರುಗಿಬಿದ್ದರು. ಒಳಗಿನವರು ಯಾರು, ಹೊರಗಿನವರು ಯಾರು, ಬಾವಿ ತೋಡಿದವರು ಯಾರು ಎಂದು ವಾದ ಹತ್ತಿತು. ಹತ್ತಿ ಅಂಗಡಿಯ ಹಮಾಲರು ಮೇಲೆ ಬಂದು ಮೆಟ್ಟಿಲ ಮೇಲೆ ನಿಂತು ತಮ್ಮ ಮಾತೂ ಸೇರಿಸಿದರು. ಭಾಗೀರಥಿಬಾಯಿ ಎಲ್ಲರನ್ನೂ ಸಾಲಿಯ ಮಕ್ಕಳನ್ನು ಸುಮ್ಮನಿರಿಸುವಂತೆ ಸುಮ್ಮನಿರಿಸಿ, ಬಾಗಿಲು ತೆರೆದರು. ದಂಡು ಬರುವ ಮುನ್ನ ಜನರೆಲ್ಲ ಒಳಗೆ ಬಂದರು. ಆಮೇಲೆ ಬಾವಿ ಬತ್ತಿತು. ಹೊಸ ಬಾವಿ ತೋಡಲು ಜನರನ್ನು ಹಚ್ಚಿದರು. ತೋಡಿದಲ್ಲಿ ಕಲ್ಲು ಅಡ್ಡ ಬಂತು. ಸಂಪಗಾಂವದ ಬಸ್ಸಿನ ಹೊತ್ತಾಗಿ ಆಟ ಅಲ್ಲಿಗೆ ನಿಂತಾಗ ಕೋಟೆ ಇನ್ನೂ ಬಿದ್ದಿರಲಿಲ್ಲ, ಉಳಿದೂ ಇರಲಿಲ್ಲ.

ಪರದೆ ಸರಿಸಿ ರಾಯವ್ವ ಹೊರಗೆ ಬಂದಳು. ಕೊಡದ ಮಾತನ್ನು ಭಾಗೀರಥಿಬಾಯಿ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. “ಮುಂದಿನ ಐತವಾರ ಬರತೇನಿ ರಾಯವ್ವ,” ಎಂದರು ಅಕ್ಕೋರು. “ಆ ಕಲ್ಲಿಗೆ ಏನರ ಹಾದಿ ಹುಡಕತೇನಿ, ನೋಡ.” ಮೆಟ್ಟಿಲು ಇಳಿಯುವಾಗ ರಾಯವ್ವನ ಮುಂಗೈ ಹಿಡಿದುಕೊಂಡು ಇಳಿದರು. ಕೆಳಗೆ ಬಂದ ಮೇಲೂ ಸ್ವಲ್ಪ ಹೊತ್ತು ಬಿಡಲಿಲ್ಲ.

ದಿಗಂಬರ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದ. ಅವನಿಗೆ ಸಿಟ್ಟು ಬಂದಿದೆಯೋ ಏನೋ ಎಂದು ರಾಯವ್ವನಿಗೆ ತಿಳಿಯಲಿಲ್ಲ.

“ನನ್ನ ನಿಯಮದಾಗ ಅದು ಇರಲಿಲ್ಲ,” ಎಂದ ಕೊನೆಗೆ.

“ಇರಲಿಲ್ಲ. ಅಕ್ಕೋರು ಕೇಳಿದ್ರು, ಹೇಳಿದ್ನಿ.”

“ಬಾಗಲ ಹೊರಗಿನ ಮಂದಿನ್ನ ನಾ ಸುಮ್ಮನ ಬರದಿದ್ದೆ ರಾಯವ್ವ. ಚಂದ ಕಾಣಲಿ ಅಂತ. ಅವರಿಗೂ ಬಾಯಿ ಅದ ಅನ್ನೋದು ನನ್ನ ತಲಿಗೇ ಬರಲಿಲ್ಲ.” ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಹಳದಿ ಕಣ್ಣುಗಳು ಮಿನುಗುತ್ತಿದ್ದವು. “ಖಜಾನಿ ಸಿಕ್ಕಾಗ ಚಪ್ಪಾಳಿ ಹೊಡದ್ರು, ಮುಗೀತು. ಮುದುಕಿ ಒಂದು ಮಾತು ಕೇಳಿದ್ದಕ್ಕ ಇಡೀ ಪೇಟೆ ಜಗಳಾಡ್ತು. ಇದು ಆಟ. ಖಜಾನಿ ತಗದು ಒಗೀತೇನಿ. ನೀವು ನನ್ನ ಕೂಡ ಕೂತು ಬರೀರಿ.”

ಆಮೇಲಿನ ವಾರಗಳು ಹೇಗೆ ಹೋದವೋ ರಾಯವ್ವನಿಗೆ ಗೊತ್ತಾಗಲಿಲ್ಲ. ಅರ್ಜಿಗಳ ನಡುವೆ ಇಬ್ಬರೂ ಕೂತು ಬರೆದರು. ಜಗಳಾಡಿದರು. ಕಾವಲುಗಾರನಿಗೆ ಮನೆ ಬಂತು, ಹೆಂಡತಿ ಬಂದಳು, ದಂಡಿನವರಲ್ಲಿ ಅವನ ತಮ್ಮನೊಬ್ಬ ಸೇರಿಕೊಂಡ. ಐತವಾರ ಮಾಳಿಗೆ ಸಾಲದಾಯಿತು. ಮಡಿವಾಳೆಪ್ಪ ತನ್ನ ಬಸ್ಸಿನಲ್ಲಿ ಹೇಳಿದ್ದನ್ನು ಕೇಳಿ ಕಿತ್ತೂರಿನಿಂದ ಇಬ್ಬರು ಮಾಸ್ತರರು, ಸವದತ್ತಿಯಿಂದ ಒಬ್ಬ ಔಷಧದ ಅಂಗಡಿಯವ ಬಂದರು. ರಿಬ್ಬನ್ನು ಮುಗಿದಾಗ ಗಂಗಯ್ಯನವರೇ ಹೋಗಿ ಹೊಸದು ತಂದರು. ಅಷ್ಟರಲ್ಲಿ ಅವರೇ ದಿನಾ ಆಡುವವರಾಗಿದ್ದರು, ಅದೂ ಬಾಗಿಲು ಎಂದೂ ತೆರೆಯದ ಹಟದವರು.

ದಿಗಂಬರ ಮುಂಬೈಗೆ ಹೊರಡುವ ಹಿಂದಿನ ದಿನ ರಾಯವ್ವ ಒಂದು ಹೊಸ ಆಟ ತಂದಳು. ಇದನ್ನು ಒಬ್ಬಳೇ ಕಟ್ಟಿದ್ದಳು. “ಮೊದಲು ನೀವ ಆಡ್ರಿ,” ಎಂದು ಪರದೆಯ ಹಿಂದೆ ಹೋದಳು.

‘ನೀನು ಕೋಟೆಯ ಹೊರಗೆ ಕೂತಿರುವೆ,’ ಎಂದು ಹಾಳೆ ಬಂತು. ‘ಕೈಯಲ್ಲಿ ಖಾಲಿ ಕೊಡ. ಏನು ಮಾಡುವೆ?’

ದಿಗಂಬರ ಬಾಗಿಲು ತೆರೆ ಎಂದು ಬರೆದ. ಬಾಗಿಲು ಒಳಗಿನಿಂದ ತೆರೆಯುತ್ತದೆ ಎಂದು ಉತ್ತರ ಬಂತು. ಕೂಗಿದ. ಕಾವಲುಗಾರ ನೋಡಿದ, ಮುಖ ತಿರುಗಿಸಿದ. ಗೋಡೆ ಹತ್ತಿದ, ಬಿದ್ದ. ಬೇಡಿದ, ಬೈದ, ಕಾದ. ಊಟಕ್ಕೆ ಕರೆಯಲು ಬಂದ ಮನೆಯ ಆಳನ್ನು ವಾಪಸು ಕಳಿಸಿದ. “ಒಳಗ ಹೋಗೋ ಹಾದಿ ಅದನೋ ಇಲ್ಲೋ, ಅದರ ಹೇಳ್ರಿ,” ಎಂದು ಪರದೆಯತ್ತ ಮುಖ ಮಾಡಿ ಕೇಳಿದ.

“ಐತ್ರಿ,” ಎಂದಿತು ಪರದೆ. “ಒಬ್ಬರೇ ಹೋದ್ರ ಸಿಗೂದಿಲ್ಲ.”

ಎರಡೂ ಆಟಗಳನ್ನು ಅವನು ಮುಂಬೈಗೆ ಒಯ್ದ. ಅಲ್ಲಿಯ ಮಷೀನಿಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲವಾಗಿ ಇಂಗ್ಲಿಷಿಗೆ ತಿರುಗಿಸುವುದರಲ್ಲಿ ಚಳಿಗಾಲ ಕಳೆಯಿತು. ಯುಗಾದಿಯ ಹೊತ್ತಿಗೆ ಒಂದು ಮುಂಜಾನೆ ಕೆಳಗಿನ ಅಡತಿಗೆ ಟ್ರಂಕ್ ಕಾಲ್ ಬಂತು. ರಾಯವ್ವ ಓಡಿ ಬಂದು ಫೋನು ಹಿಡಿದಳು. ಗಾಳಿ ಬೀಸಿದಂಥ ಸದ್ದಿನ ನಡುವೆ ದಿಗಂಬರನ ದನಿ.

“ರಾಯವ್ವ, ನಿಮ್ಮ ಆಟ ಮಷೀನಿನ್ಯಾಗ ಕೂತದ. ನಿನ್ನೆಯಿಂದ ನಮ್ಮ ಕೋಣಿ ಮಂದಿ ಎಲ್ಲಾ ಬಾಗಲ ಹೊರಗ ಕುಂತಾರ. ಸಾಹೇಬರು ಸೈತ. ಒಬ್ಬರಿಗೂ ಒಳಗ ಹೋಗಲಿಕ್ಕೆ ಬಂದಿಲ್ಲ. ಹಾದಿ ಹೇಳು ಅಂತ ನನ್ನ ಜೀವಾ ತಿನ್ನಲಿಕ್ಕತ್ತಾರ.”

“ಹೇಳಬ್ಯಾಡ್ರಿ,” ಎಂದಳು ರಾಯವ್ವ. “ಒಬ್ಬರಿಗೊಬ್ಬರು ಮಾತಾಡಸಾಕ ಹತ್ಯಾರೇನು, ಅದನ್ನ ಹೇಳ್ರಿ.”

“ಹತ್ಯಾರ. ಈಗೀಗ ಶುರು ಮಾಡ್ಯಾರ.”

ಲೈನು ಕಡಿಯಿತು. ಹತ್ತಿ ಅಂಗಡಿಯವರು ಏನು ಸುದ್ದಿ ಎಂದು ಕೇಳುತ್ತಿದ್ದರು. ರಾಯವ್ವ ನಗುತ್ತ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು. ಮಷೀನಿನಲ್ಲಿ ಅರ್ಧ ಹೊಡೆದ ಅರ್ಜಿಯೊಂದು ಸಿಕ್ಕಿಕೊಂಡಿತ್ತು. ಅದನ್ನು ಹೊರಗೆಳೆದು ಬದಿಗಿಟ್ಟು, ಹೊಸ ಹಾಳೆ ಏರಿಸಿ, ಮೂರನೆಯ ಆಟದ ಮೊದಲ ಸಾಲು ಹೊಡೆಯತೊಡಗಿದಳು.