ಪುಸ್ತಕದ ವ್ಯಾನು, ಗುಜರಿಯಮ್ಮನ ಅನುಮಾನ

ಗುರುವಾರ ಮಧ್ಯಾಹ್ನ ಹಳದಿ ವ್ಯಾನೊಂದು ಬಂದು ಓಣಿಯ ನಲ್ಲಿಯ ಪಕ್ಕ ನಿಂತಿತು. ಬಾಗಿಲು ತೆರೆದರೆ ಒಳಗೆಲ್ಲ ಪುಸ್ತಕ. ಡ್ರೈವರು ಇಳಿದು ನೆಲಕ್ಕೆ ಚಾಪೆ ಹಾಸಿದ. ಅವನ ಹಿಂದೆಯೇ ಇಳಿದ ಲೈಬ್ರರಿ ಮೇಡಂ, "ಬನ್ನಿ, ಅಮ್ಮ ಮಕ್ಕಳು ಒಟ್ಟಿಗೆ ಕೂತು ಓದೋಣ. ಓದು ಬರದವರೂ ಬನ್ನಿ. ದುಡ್ಡೇನೂ ಬೇಡ!" ಎಂದು ಕೂಗಿದರು.

ದುಡ್ಡು ಬೇಡ ಎಂದದ್ದೇ ತಡ, ಗುಜರಿಯಮ್ಮನ ಕಿವಿ ನೆಟ್ಟಗಾಯಿತು.

ಓಣಿಯ ತುದಿಯಲ್ಲಿ ಅವಳದು ಗುಜರಿ ಅಂಗಡಿ. ಹಳೆ ಪೇಪರು, ತಗಡು, ಖಾಲಿ ಬಾಟಲಿ, ರೆಕ್ಕೆ ಮುರಿದ ಫ್ಯಾನು. ಮೂವತ್ತು ವರ್ಷ ರಾಶಿರಾಶಿ ಕಾಗದ ತೂಗಿದ್ದಾಳೆ, ಒಂದಕ್ಷರ ಓದಿದವಳಲ್ಲ. ಆದರೆ ತಕ್ಕಡಿಯಲ್ಲಿ ಅವಳಿಗೆ ಮೋಸ ಮಾಡುವವರು ಇನ್ನೂ ಹುಟ್ಟಿರಲಿಲ್ಲ.

"ಅತ್ತೆ, ಪಾಪೂನ ಕರ್ಕೊಂಡು ಹೋಗಿ ಬರ್ಲಾ?" ಸೊಸೆ ಕೇಳಿದಳು. ಪಾಪುವಿಗೆ ಆರು ವರ್ಷ. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ. ಸೊಸೆ ಓದಿದ್ದು ಎರಡನೇ ತರಗತಿ, ಅದೂ ಅರ್ಧ ಮರೆತಿತ್ತು. ಟೀಚರು ಬರೆದು ಕಳಿಸಿದ ಚೀಟಿಯನ್ನು ಓದಿಸಲು ಮೆಡಿಕಲ್ ಅಂಗಡಿಯವನ ಹತ್ತಿರ ಹೋಗಬೇಕು. ಅವನು ಗಿರಾಕಿಗಳ ಎದುರಿಗೇ ಗಟ್ಟಿಯಾಗಿ ಓದುತ್ತಾನೆ.

"ಸುಮ್ನೆ ಕೂತ್ಕೊ. ಇಲಿ ಬೋನಲ್ಲಿ ಇಡೋ ರೊಟ್ಟಿ ಚೂರೂ ಪುಕ್ಕಟೇನೇ ಕಣೇ."

ಅವಳು ಹಾಗೆನ್ನಲು ಕಾರಣವಿತ್ತು. ಹಿಂದೆ ಇವರೆಲ್ಲ ಕಾಲುವೆ ಪಕ್ಕ ವಾಸವಿದ್ದಾಗ ಇಬ್ಬರು ಬಂದು ಮನೆಗೊಂದು ಕಂಬಳಿ ಕೊಟ್ಟರು. ಕಂಬಳಿ ಮುಟ್ಟಿದ್ದಕ್ಕೆ ಅಂತ ಹೆಬ್ಬೆಟ್ಟು ಒತ್ತಿಸಿಕೊಂಡರು. ಎರಡು ತಿಂಗಳಿಗೆ ಮನೆ ಕೆಡವುವ ಯಂತ್ರ ಬಂತು. 'ಸ್ವಂತ ಇಚ್ಛೆಯಿಂದ ಜಾಗ ಬಿಡುತ್ತೇವೆ' ಎಂದು ಆ ಕಾಗದದಲ್ಲಿತ್ತಂತೆ. ಓದಿ ಹೇಳಿದ್ದು ಯಂತ್ರದ ಜೊತೆ ಬಂದ ಪೊಲೀಸಿನವನು.

ಸೊಸೆಯನ್ನು ತಡೆದು ಗುಜರಿಯಮ್ಮ ತಾನೇ ವ್ಯಾನಿನ ಹತ್ತಿರ ಹೋದಳು.

"ಈ ಗಾಡಿಗೆ ಡೀಸೆಲ್ ಯಾರಪ್ಪನ ಮನೇದು?"

ಮೇಡಂ ನಕ್ಕರು. "ಅರ್ಧ ನಗರಸಭೆದು ಅಮ್ಮ. ಇನ್ನರ್ಧ ಊರಿನವರು ಕೊಡೋ ದೇಣಿಗೆ."

"ಅವ್ರಿಗೇನು ಲಾಭ?"

"ಮನೇಲಿ ಓದೋರಿದ್ರೆ ಮಗು ಶಾಲೆ ಬಿಡಲ್ಲ. ಅಮ್ಮ ಔಷಧಿ ಚೀಟಿ ಓದ್ಕೊತಾಳೆ. ಲೈಬ್ರರಿ ಇರೋದು ಊರಾಚೆ, ಎರಡು ಬಸ್ ಹಿಡೀಬೇಕು. ಕೆಲಸ ಬಿಟ್ಟು ನೀವು ಅಲ್ಲಿಗೆ ಬರೋಕಾಗಲ್ಲ. ಅದಕ್ಕೆ ನಾವೇ ಬಂದ್ವಿ."

"ಬಂದವ್ರ ಹೆಸರು ಈ ಲೆಕ್ಕದ ಪುಸ್ತಕದಲ್ಲಿ ಯಾಕೆ ಬರ್ಕೊತೀರಿ?"

"ಎಷ್ಟು ಜನ ಬಂದ್ರು ಅಂತ ಲೆಕ್ಕ ಕೊಡೋಕೆ. ನಿಮಗೆ ಇಷ್ಟ ಇಲ್ಲ ಅಂದ್ರೆ ಬೇಡ. ಹೆಸರು ಕೊಡದೇನೂ ಓದಬಹುದು."

ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ಅನುಮಾನ ಇನ್ನೂ ಹೆಚ್ಚಾಯಿತು. ಆದರೂ ಹೆಬ್ಬೆಟ್ಟು ಕೇಳಲಿಲ್ಲವಲ್ಲ ಎಂದು ಮುಂದಿನ ವಾರ ಸೊಸೆಯನ್ನೂ ಪಾಪುವನ್ನೂ ಕಳಿಸಿದಳು, ಕಾವಲಿಗೆಂದು ತಾನೂ ಚಾಪೆಯ ಅಂಚಿನಲ್ಲಿ ಕೂತಳು. ಕಣ್ಣೆಲ್ಲ ಮೇಡಂ ಕೈಯ ಮೇಲೆ, ಆ ಕೈಯ ಬೆರಳು ಅಕ್ಷರಗಳ ಮೇಲೆ. ಆದರೆ ಕಿವಿಗೆ ಬಾಗಿಲು ಹಾಕಲಾಗುತ್ತದೆಯೇ? ಪಾಪು ಓದಿದ್ದು, ಸೊಸೆ ತಿದ್ದಿದ್ದು ಒಳಗಿಳಿಯುತ್ತ ಹೋಯಿತು. ಒಂದು ದಿನ ಅಂಗಡಿಯಲ್ಲಿ ಡಬ್ಬ ಜಜ್ಜುತ್ತಿದ್ದವಳು ಕೈ ನಿಲ್ಲಿಸಿದಳು. ಡಬ್ಬದ ಮೇಲೆ 'ಎಣ್ಣೆ' ಎಂದಿತ್ತು. ಅತ್ತ ಇತ್ತ ನೋಡಿ, ಯಾರಿಗೂ ಕೇಳದಂತೆ ಇನ್ನೊಮ್ಮೆ ಓದಿದಳು.

ಹೀಗೆ ಎಂಟು ತಿಂಗಳು ಕಳೆಯಿತು. ಒಂದು ಗುರುವಾರ ಮೇಡಂ ಮುಖ ಸಪ್ಪಗಿತ್ತು. "ನಗರಸಭೆಯವರು ಈ ವರ್ಷಕ್ಕೆ ವ್ಯಾನ್ ನಿಲ್ಲಿಸ್ತಾರಂತೆ. ಬಳಸೋರೇ ಇಲ್ಲ ಅಂತಿದ್ದಾರೆ. ನಮ್ಮ ಆಫೀಸಿನವರು ಒಂದು ಮನವಿ ಬರೆದಿದ್ದಾರೆ. ಎಲ್ಲರೂ ಸಹಿ ಹಾಕಿದ್ರೆ ನಗರಸಭೆಗೆ ಕೊಡ್ತೀನಿ."

ಓಣಿಯವರು ಪೆನ್ನಿಗೆ ಮುಗಿಬಿದ್ದರು. ಗುಜರಿಯಮ್ಮ ಮಾತ್ರ ಕಾಗದವನ್ನು ಎತ್ತಿಕೊಂಡಳು.

"ಓದದೆ ಸಹಿ ಹಾಕಲ್ಲ. ಒಂದು ವಾರ ನನ್ ಹತ್ರ ಇರ್ಲಿ."

"ಮೇಡಂ ಮೇಲೂ ಅನುಮಾನಾನಾ ಅತ್ತೆ?" ಸೊಸೆಗೆ ನಾಚಿಕೆಯಾಯಿತು.

"ಅವರ ಮೇಲಲ್ಲ. ಕಾಗದದ ಮೇಲೆ."

ವಾರವಿಡೀ ಅತ್ತೆ ಸೊಸೆ ಅಂಗಡಿಯ ಗೋಣಿಚೀಲದ ಮೇಲೆ ಕೂತು, ಬೆರಳಿಟ್ಟು ಒಂದೊಂದೇ ಪದ ಓದಿದರು. ಒತ್ತಕ್ಷರ ಸಿಕ್ಕಲ್ಲಿ ತಡವರಿಸಿದರು, ಜಗಳವಾಡಿದರು. ಮುಂದಿನ ಗುರುವಾರ ಗುಜರಿಯಮ್ಮ ಕಾಗದ ಹಿಡಿದು ವ್ಯಾನಿನ ಮುಂದೆ ನಿಂತಳು.

"ಇಲ್ಲಿ 'ಅಜ್ಞಾನಿಗಳಾದ ಈ ಜನರು' ಅಂತಿದೆ. ಯಾರದು ಅಜ್ಞಾನಿ?"

ಮೇಡಂ ಬಗ್ಗಿ ಆ ಸಾಲು ನೋಡಿದರು.

"ಇನ್ನು ಇಲ್ಲಿ, 'ವಾರಕ್ಕೊಮ್ಮೆ ಅಥವಾ ಅನುಕೂಲವಾದಾಗ' ವ್ಯಾನ್ ಕಳಿಸಬೇಕು ಅಂತಿದೆ. ಅನುಕೂಲ ಯಾರದು? ಅವ್ರಿಗೆ ವರ್ಷಕ್ಕೊಂದ್ಸಲ ಅನುಕೂಲ ಆದ್ರೆ?"

ಮೇಡಂ ಕಾಗದ ಈಸಿಕೊಂಡು ಮತ್ತೆ ಮತ್ತೆ ಓದಿದರು. "ನಾನು ಕಣ್ಣಾಡಿಸಿದ್ದೆ ಅಷ್ಟೆ ಅಮ್ಮ. ಇದು ನನಗೆ ಹೊಳೀಲೇ ಇಲ್ಲ."

ಎರಡು ಸಾಲೂ ಹೊಡೆದುಹಾಕಿ, ಅಲ್ಲೇ ಚಾಪೆಯ ಮೇಲೆ 'ಪ್ರತಿ ಗುರುವಾರ, ತಪ್ಪದೆ' ಎಂದು ಹೊಸದಾಗಿ ಬರೆದರು. ಅದನ್ನು ಓದಿಯಾದ ಮೇಲೆಯೇ ಗುಜರಿಯಮ್ಮ ಸಹಿ ಹಾಕಿದ್ದು. ಅಕ್ಷರ ಸೊಟ್ಟಗಿತ್ತು.

ಮನವಿ ಕೊಡಲು ಮೇಡಂ ಜೊತೆ ಗುಜರಿಯಮ್ಮನೂ ಹೋದಳು. ನಗರಸಭೆಯ ಸಭಾಂಗಣದಲ್ಲಿ ಸದಸ್ಯರೊಬ್ಬರು ಕಾಗದ ನೋಡಿ ಹುಬ್ಬೇರಿಸಿದರು. "ಆ ಓಣಿಯವರು ಓದ್ತಾರಾ? ಈ ಸಹಿ ಯಾರು ಹಾಕಿಸಿದ್ದೋ!"

ಗುಜರಿಯಮ್ಮನಿಗೆ ಮೈ ಉರಿಯಿತು. ತಾನು ಇಷ್ಟು ದಿನ ಎಲ್ಲರ ಮೇಲೆ ಪಟ್ಟ ಅನುಮಾನ ಈಗ ತನ್ನ ಮೇಲೇ ಬಿದ್ದಿತ್ತು. ಎದ್ದುಹೋಗಿ ಕಾಗದ ಈಸಿಕೊಂಡು ಮೊದಲ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದಳು. ನಿಧಾನ. ಎರಡು ಕಡೆ ತಡವರಿಸಿದಳು. ಯಾರೂ ನಗಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಕೊನೆಯ ಸಾಲು ಮುಗಿದಾಗ ಅಧ್ಯಕ್ಷರು ಕೆಮ್ಮಿ, "ಆಯ್ತಮ್ಮ. ಇನ್ನೊಂದು ವರ್ಷ ನಮ್ಮ ಪಾಲಿನ ಅರ್ಧ ಹಣ ಕೊಡ್ತೀವಿ. ಉಳಿದದ್ದು ಊರವರಿಂದಲೇ ಆಗ್ಬೇಕು" ಎಂದರು.

"ಬಾಯಲ್ಲಿ ಬೇಡ ಸ್ವಾಮಿ, ಬರ್ಕೊಡಿ" ಎಂದಳು ಗುಜರಿಯಮ್ಮ. "ನಾನು ಓದ್ಕೊತೀನಿ."

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಓಣಿಗೆ ಪುಸ್ತಕದ ವ್ಯಾನ್ ಬಂದರೆ ಮಗುವಿನ ಕೈ ಹಿಡಿದು ನೀವೂ ಹೋಗಿ. ಓದು ಬರದಿದ್ದರೆ ಮೊದಲು ಹೋಗಿ. ದೇಣಿಗೆ ಕೊಡುವ ಮುಂಚೆ ನೂರು ಪ್ರಶ್ನೆ ಕೇಳಿ, ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕ ತೋರಿಸಲು ಹೇಳಿ. ಉತ್ತರ ಸರಿಯೆನಿಸಿದರೆ ಕೈಲಾದಷ್ಟು ಕೊಡಿ. ನಿಮ್ಮ ವಾರ್ಡಿನ ಸದಸ್ಯರನ್ನೂ ಕೇಳಿ. ಅರ್ಧ ಡೀಸೆಲ್ಲಿಗೆ ವ್ಯಾನು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಆ ದಾರಿಯಾಚೆಯ ಓಣಿಯಲ್ಲಿ ಯಾರೋ ಒಬ್ಬರು, ತಾವು ಓದಲಾಗದ ಕಾಗದದ ಮೇಲೆ ಈಗಲೂ ಹೆಬ್ಬೆಟ್ಟು ಒತ್ತುತ್ತಿದ್ದಾರೆ.