ಬೂಷ್ಟೋ ನೀಹಾರಿಕೆಯೋ

ಆಕಾಶದಿಂದ ಶುರು ಮಾಡಲೇ, ಸಾಗರ ಪೇಟೆಯ ಕನ್ನಡಕದ ಅಂಗಡಿಯಿಂದಲೇ? ಆಕಾಶದಿಂದ ಶುರು ಮಾಡಿದ ಪುಟ ಹರಿದು ಹಾಕಿದೆ. (ಅನಂತ, ಅಗಾಧ ಎಲ್ಲ ಬಂದುಬಿಟ್ಟಿದ್ದವು. ನನ್ನ ಹಳೇ ಚಾಳಿ.) ಅಂಗಡಿಯೇ ಸರಿ.

೧. ಅಂಗಡಿ ಸುಬ್ಬಪ್ಪನವರದು. ಊರಿಗೆಲ್ಲ ಕನ್ನಡಕ ಕೊಟ್ಟವರಿಗೆ ಈಗ ತಮ್ಮ ಕಣ್ಣೇ ಕೈಕೊಟ್ಟಿದೆ. ದೃಷ್ಟಿ ಚೆನ್ನಾಗಿದ್ದಾಗ ತಾವೇ ಗಾಜು ಉಜ್ಜಿ, ಹರಿವಾಣದಗಲದ ಕನ್ನಡಿ ಮಾಡಿ, ಹೊಸನಗರದ ಗುಡ್ಡದ ಮೇಲೆ ಟೆಲಿಸ್ಕೋಪ್ ನಿಲ್ಲಿಸಿದ್ದರು. ಅದರಲ್ಲಿ ಹೊಸದೊಂದು ಸಿಗಬೇಕು ಎಂಬುದೊಂದೇ ಆಸೆ. ಈಗ ಅದಕ್ಕೆ ಕ್ಯಾಮೆರಾ ಹಾಕುವವಳು ಮಗಳು ತನುಜಾ.

೩. (ಎರಡನೆಯದು ಅವಳ ಮದುವೆಯ ಬಗ್ಗೆ ಇತ್ತು. "ಅದೆಲ್ಲ ನಿಮಗ್ಯಾಕೆ?" ಎಂದಳು. ತೆಗೆದೆ.) ಹೋದ ವಾರದ ಫೋಟೋಗಳನ್ನು ಒಂದರ ಮೇಲೊಂದು ಸೇರಿಸಿದಾಗ ಮೂಲೆಯಲ್ಲೊಂದು ಮಸುಕು ಕಂಡಿತು. ಯಾವ ನಕ್ಷೆಯಲ್ಲೂ ಇಲ್ಲದ್ದು. "ಹೊಸ ನೀಹಾರಿಕೆ ಅಪ್ಪಯ್ಯ!" ಎಂದು ಕೂಗಿಬಿಟ್ಟಳು. ಸುಬ್ಬಪ್ಪ ಪೇಟೆಗೆಲ್ಲ ಡಂಗುರ ಸಾರಿದರು.

ಆಮೇಲೆ ಅವಳಿಗೆ ಹೊಳೆಯಿತು. ಈ ಮಳೆಸೀಮೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟಕ್ಕೂ ಬೂಷ್ಟು ಹಿಡಿಯುತ್ತದೆ. ಕ್ಯಾಮೆರಾದ ಗಾಜಿಗೆ ಹಿಡಿಯದೇ? ಅಂದಿನಿಂದ ಅವಳು ಸರಿಯಾಗಿ ಊಟ ಮಾಡುತ್ತಿಲ್ಲ.

ಪರೀಕ್ಷೆಯೇನೋ ಸುಲಭ. ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಫೋಟೋ ತೆಗೆಯಬೇಕು. ಮಸುಕು ನಕ್ಷತ್ರಗಳ ಜೊತೆ ತಿರುಗಿದರೆ ನೀಹಾರಿಕೆ. ಅದೇ ಮೂಲೆಯಲ್ಲಿ ಕೂತಿದ್ದರೆ ಬೂಷ್ಟು.

"ತಿರುಗಿಸು ಮಾರಾಯ್ತಿ, ಕಥೆ ನಿಂತುಬಿಟ್ಟಿದೆ" ಎಂದೆ.

"ನಿಮಗೆಂತ? ಬರ್ದು ಎದ್ದು ಹೋಗ್ತೀರಿ. ಅಪ್ಪಯ್ಯನ ಎದುರು ಕೂರೋಳು ನಾನು."

ಮುಕ್ತಾಯ ಅ: ನೀಹಾರಿಕೆ. ಹಾರ, ಶಾಲು, ಸನ್ಮಾನ. (ಸುಳ್ಳಿನ ವಾಸನೆ.)

ಮುಕ್ತಾಯ ಆ: ಬೂಷ್ಟು. ಸುಬ್ಬಪ್ಪ ಮತ್ತೆ ಪೇಟೆಗೆ ಇಳಿಯುವುದಿಲ್ಲ. (ಬರೆದೆ, ಹೊಡೆದು ಹಾಕಿದೆ. ನನಗೂ ಅಪ್ಪ ಇದ್ದರು.)

ಇವತ್ತು ಕತ್ತಲಾದ ಮೇಲೆ ನಾವು ಗುಡ್ಡದಲ್ಲಿ ಕೂತಿದ್ದಾಗ ಆಗುಂಬೆ ಕಡೆಯಿಂದ ಮೋಡ ಏರುತ್ತಿತ್ತು. ಅದನ್ನೇ ನೆಪ ಮಾಡಿಕೊಂಡು ತನುಜಾ ಲ್ಯಾಪ್‌ಟಾಪ್ ಮುಚ್ಚುವವಳಿದ್ದಳು. ಹಿಂದೆ ಸದ್ದಾಯಿತು. ಸುಬ್ಬಪ್ಪ ತಡಕಾಡುತ್ತ ಬಂದು, ಸ್ಕ್ರೂ ಸಡಿಲಿಸಿ, ಕ್ಯಾಮೆರಾ ತಿರುಗಿಸಿಬಿಟ್ಟಿದ್ದರು. (ನಾನು ಹೇಳಿಕೊಟ್ಟಿದ್ದಲ್ಲ, ದೇವರಾಣೆ.)

"ಮೋಡ ಬರೋದ್ರೊಳಗೆ ತೆಗಿ ತನೂ. ಬೂಷ್ಟಿನ ಅನುಮಾನಕ್ಕೆ ನೀ ಊಟ ಬಿಟ್ಟಿದ್ದು ನಂಗೆ ಗೊತ್ತಾಗಲ್ವಾ?"

ಅವಳು ತೆಗೆದಳು, ಸೇರಿಸಿದಳು. ಚಿತ್ರ ಪರದೆಯ ಮೇಲೆ ಬಂತು. ಮಸುಕು ಎಲ್ಲಿದೆ ಎಂದು ಅವಳು ನೋಡಿದಳು, ನಾನೂ ನೋಡಿದೆ.

"ಎಂತ ಕಾಣ್ತದೆ? ಹೇಳು" ಎಂದರು ಸುಬ್ಬಪ್ಪ. ಅವಳು ಹೇಳಿದ್ದನ್ನು ನಂಬದೆ ಅವರಿಗೆ ಬೇರೆ ದಾರಿಯಿಲ್ಲ. ಅವಳಿಗೆ ಭಯವಾಗುತ್ತಿರುವುದೂ ಅದಕ್ಕೇ.

ತನುಜಾ ನನ್ನ ಕಡೆ ತಿರುಗಿದಳು. "ನೀವು ಬರೀಬೇಡಿ. ನಾನೇ ಹೇಳ್ತೀನಿ."

ಅಪ್ಪನ ಕೈ ಹಿಡಿದುಕೊಂಡಿದ್ದಾಳೆ. ನಾನು ಪೆನ್ನು ಕೆಳಗಿಟ್ಟೆ. ನೀವೂ ಬನ್ನಿ, ಸ್ವಲ್ಪ ಆಚೆ ನಿಲ್ಲೋಣ. ಅವಳು ಏನು ಹೇಳಿದರೂ ಅದು ನಮಗಲ್ಲ.